ಹದಿನಾಲ್ಕು ಮಕ್ಕಳ ಅಳು

ಬೈಗೆ ಮೀನಿನ ಹುರುಪೆಯೊಂದು ಮಣಿಕಟ್ಟಿಗೆ ಅಂಟಿ ಮಿನುಗುತ್ತಿದೆ, ತೊಳೆದರೂ ಬಿಡದು, ಇರಲಿ, ಕೊಯ್ಯಲು ಇನ್ನು ನಾಲ್ಕೇ ಮೀನು — ಚಂದನಾ ಅಳುತ್ತಿದ್ದಾಳೆ, ಅಳು ಮಗಳೇ, ಹೊಳೆ ನಡುವಿನ ಈ ಕುದ್ರುವಿನ ಹದಿನಾಲ್ಕು ಮಕ್ಕಳೂ ಇವತ್ತು ಅಳುತ್ತಿವೆ, ಆಚೆ ದಡದ ಕುಂದಾಪುರಕ್ಕೂ ಕೇಳಲಿ. ತೊಂಬತ್ತೆಂಟರ ಮಳೆಗಾಲದಲ್ಲಿ ನೆರೆಮನೆಯ ನಾಗುವಿನ ಮಗು ನಾಯಿಕೆಮ್ಮಿನಿಂದ ನೀಲಿಗಟ್ಟಿತ್ತು, ಬದುಕಿತು, ಆದರೆ ಆ ಕೆಮ್ಮು ನನ್ನ ಕಿವಿ ಬಿಟ್ಟಿರಲಿಲ್ಲ, ಅದರ ಚುಚ್ಚುಮದ್ದು ಇಲ್ಲಿಗೇ ತನ್ನಿ ಅಂದರೆ, ಹದಿನಾಲ್ಕು ಮಕ್ಕಳಿಗಾಗಿ ದೋಣಿ ಬಾಡಿಗೆ ಕೊಡಲಾಗದು, ನೀವೇ ಎತ್ತಿಕೊಂಡು ಬನ್ನಿ ಅಂದಿದ್ದರು ಆರೋಗ್ಯ ಕೇಂದ್ರದಲ್ಲಿ, ಹಾಗೆ ಬಂದರೆ ಹದಿನಾಲ್ಕು ತಾಯಂದಿರ ಒಂದು ದಿನದ ಮೀನು ವ್ಯಾಪಾರ ಹೋಯಿತು, ನನ್ನೊಬ್ಬಳದೇ ಹೋಗಲಿ, ನರ್ಸ್ ಶ್ರೀಲತಾರನ್ನು ಮದ್ದಿನ ಸಮೇತ ನಾನೇ ಕರೆತರುತ್ತೇನೆ ಅಂದೆ. ಹೋದ ತಿಂಗಳು ಮದ್ದಿನ ಪೆಟ್ಟಿಗೆಗೆ ಐಸು ಸಾಲಲಿಲ್ಲ, ಐಸಿನ ವಿಷಯ ನನಗೆ ಯಾರು ಕಲಿಸಬೇಕು, ಮೀನಿಗೆ ಮಾಡುವಂತೆಯೇ ಐಸಿನ ಪುಡಿಗೆ ಉಪ್ಪು ಬೆರೆಸಿ ಸೀಸೆಗಳನ್ನು ಹುಗಿದೆ, ಶ್ರೀಲತಾ ಒಂದನ್ನು ಬೆಳಕಿಗೆ ಹಿಡಿದು ಕುಲುಕಿದರು, ತಳದಲ್ಲಿ ಚೂರುಚೂರು, ಉಪ್ಪಿನ ಚಳಿಗೆ ಹೆಪ್ಪುಗಟ್ಟಿ ಕೆಟ್ಟಿದೆ ಅಮ್ಮಣ್ಣಿ, ಎಲ್ಲ ಎಸೆಯಬೇಕು, ಇನ್ನೊಂದೇ ಸಲ ಬರ್ತೇನೆ, ಅದೂ ಕೆಟ್ಟರೆ ಮತ್ತೆ ನನ್ನನ್ನು ಕಳಿಸುವುದಿಲ್ಲ. ಅತ್ತೆ ಸೀತು ಮಾತ್ರ ನಕ್ಕರು, ಮದ್ದಿಗ್ ಉಪ್ಪ್ ಹಾಕಿ ಸಾರ್ ಮಾಡುಕ್ ಹೊರ್ಟಿದ್ಯಾ ಹೆಣೆ. ಇವತ್ತು ಬೆಳಿಗ್ಗೆ ಆಚೆ ದಡದಲ್ಲಿ ಉಪ್ಪಿಲ್ಲ, ಪುಡಿಯಿಲ್ಲ, ಐಸಿನ ಪೊಟ್ಟಣ ಹೊರಗಿಟ್ಟು ತುಸು ಕರಗುವವರೆಗೆ ಕಾಯಬೇಕು ಅಂದಿದ್ದಾರೆ ಶ್ರೀಲತಾ, ಕುಲುಕಿದರೆ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಗೆ — ಸುಬ್ಬ ದೋಣಿಯಿಂದ ಕೂಗುತ್ತಾನೆ, ಹ್ವಾಯ್, ನೀರ್ ಇಳಿತಾ ಇತ್ತ್, ಇನ್ನೂ ತಡ ಮಾಡ್ರೆ ದೋಣಿ ಹೊತ್ಕಂಡೇ ಹೋಯ್ಕ್, ನಾನು ಕುಲುಕುತ್ತೇನೆ, ಸದ್ದಿಲ್ಲ, ಕಿವಿಗೊತ್ತಿ ಮತ್ತೆ ಕುಲುಕುತ್ತೇನೆ, ಕೊನೆಗೆ ಸಣ್ಣಗೆ ಗುಳುಕ್ ಅಂದಿತು, ಹತ್ತಿದೆವು, ಸುಬ್ಬ ಬಾಡಿಗೆ ಕೇಳಲಿಲ್ಲ, ಅವನ ಮೊಮ್ಮಗಳೂ ಹದಿನಾಲ್ಕರಲ್ಲಿ ಒಬ್ಬಳು. ಇಲ್ಲಿ ಬಂದು ಶ್ರೀಲತಾ ಸೀಸೆ ಎತ್ತಿ ಕುಲುಕಿದರು, ಚೂರಿಲ್ಲ, ಹಾಲಿನಂತೆ ಒಂದೇ ಬಿಳಿ, ಸರಿಯಿದೆ, ಮೊದಲು ಯಾರು ಅಂದರು, ಯಾರೂ ಮುಂದೆ ಬರಲಿಲ್ಲ, ನಾನು ಚಂದನಾಳನ್ನು ಮಡಿಲಲ್ಲಿ ಒತ್ತಿ ಹಿಡಿದೆ, ಸೂಜಿ ಹೊರಬಂದಾಗ ತೊಡೆಯ ಮೇಲೊಂದು ಕೆಂಪು ಹನಿ, ಆಮೇಲೆ ಬಂದರು, ನಾಗು ತಂಗಿಯ ಮಗುವನ್ನು ಎತ್ತಿಕೊಂಡು, ಸುಬ್ಬನ ಸೊಸೆ, ಒಬ್ಬರ ಹಿಂದೆ ಒಬ್ಬರು, ಹದಿನಾಲ್ಕು ತೊಡೆ, ಹದಿನಾಲ್ಕು ಹನಿ, ಪೆಟ್ಟಿಗೆ ಖಾಲಿ. ಮೀನು ಮುಗಿಯಿತು, ಕೈ ತೊಳೆದು ಚಂದನಾಳನ್ನು ಎತ್ತಿಕೊಳ್ಳುತ್ತೇನೆ, ಅಳು ಬಿಕ್ಕಾಗಿ, ಬಿಕ್ಕು ನಿದ್ದೆಯಾಗಿ, ಸಂಜೆಗೆ ಜ್ವರ ಬರಬಹುದಂತೆ, ಬರಲಿ, ಇದು ನಾನು ಕೇಳಿ ತಂದ ಜ್ವರ, ಸೂಜಿ ಚುಚ್ಚಿದಲ್ಲಿನ ಹತ್ತಿ ಮೆಲ್ಲಗೆ ಸರಿಸುತ್ತೇನೆ, ತೊಡೆ ಬೆಚ್ಚಗಿದೆ, ನಡುವೆ ಸಾಸಿವೆಯಷ್ಟು ಒಣಗಿ ಕೂತ ಹನಿ, ಆ ಕೆಂಪು ಹನಿ, ತೊಳೆಯುವುದಿಲ್ಲ, ಇರಲಿ.