ಹೆಗಲಿನಿಂದ ಮೇಲೆ

"ಹೆಂಗಸ್ರಿಗಿ ಕುಣಿಸಿ ತಿನ್ನೋ ಮನಿತಾನ ನಿಮ್ದು! ಅಕ್ಕ ಮ್ಯಾಲೆ ತಾಳ ಹಾಕ್ತಾಳ, ತಮ್ಮ ಕೆಳಗ ಕುಂತು ಗಿರಾಕಿ ಕಾಯ್ತಾನ!"

ಹಾವಗೆಪ್ಪ ಇದನ್ನು ಮೆತ್ತಗೆ ಅನ್ನಲಿಲ್ಲ. ಭಾಲ್ಕಿಯ ಸ್ಟೇಷನ್ ರೋಡಿನಲ್ಲಿ, ತನ್ನ ಗೊಬ್ಬರದಂಗಡಿಯ ಮುಂದೆ, ಚೀಲ ಹೊರುವ ಹಮಾಲರು, ತೊಗರಿ ಮಾರಲು ಬಂದ ರೈತರು, ಎದುರಿನ ಚಹಾದಂಗಡಿಯವರು ಎಲ್ಲರ ಕಿವಿಗೂ ಬೀಳುವ ಹಾಗೆ, ಆಟೋದಲ್ಲಿ ಕುಳಿತಿದ್ದ ಫೈಜಲನಿಗೆ ಅಂದ. ಇಬ್ಬರು ಮೂವರು ನಕ್ಕರು. ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದ ಮುದುಕ ಮಾತ್ರ ಸುರಿಯುವುದನ್ನು ನಿಲ್ಲಿಸಿದ.

ಅಂಗಡಿಯ ಮೇಲಿನ ಖೋಲಿ ಹಾವಗೆಪ್ಪನದು. ಗುರುವಾರಕ್ಕೊಮ್ಮೆ ಫೈಜಲನ ಅಕ್ಕ ಮುಸರ್ರತ ಅಲ್ಲಿ ಹೆಂಗಸರನ್ನು ಕೂಡಿಸುತ್ತಿದ್ದಳು. ಹೊಡೆತ ತಿಂದವರು, ಸುಟ್ಟುಕೊಂಡು ಉಳಿದವರು, ಏನಾಯಿತೆಂದು ಹೇಳಲು ಬಾಯೇ ಬಾರದವರು. ಪುಣೆಯಲ್ಲಿ ಅವಳು ಕಲಿತು ಬಂದದ್ದು ಇದೇ ವಿದ್ಯೆ. ಬಾಯಿ ಬಾರದಿದ್ದರೆ ಮೈಗೆ ಕೇಳು, ಕೈ ಎತ್ತಿಸು, ಕಾಲು ಊರಿಸು, ಒಳಗೆ ಕುಳಿತದ್ದು ತಾನೇ ಏಳುತ್ತದೆ. ಮೊದಲು ಬೀದರಿನ ಮನೆಯ ಹಿತ್ತಲಲ್ಲಿ, ಆಮೇಲೆ ಔರಾದಿನಲ್ಲಿ, ಈಗ ಭಾಲ್ಕಿಯಲ್ಲಿ. ಇಷ್ಟು ವರ್ಷಗಳಲ್ಲಿ ಬಂದ ನೆಂಟಸ್ತಿಕೆಗಳೆಲ್ಲ "ಕುಣಿಸೋದು ಬಿಡ್ತಾಳೇನು?" ಎಂದು ಕೇಳಿ, ಬಿಡುವುದಿಲ್ಲವೆಂದು ತಿಳಿದು, ಖೀರು ಕುಡಿದು ಎದ್ದುಹೋಗಿದ್ದವು.

ಫೈಜಲ ಒಂಬತ್ತನೇ ಈಯತ್ತೆಗೆ ಸಾಲೆ ಬಿಟ್ಟವ. ಹಳ್ಳಿಗಳಿಂದ ಹೆಂಗಸರನ್ನು ಆಟೋದಲ್ಲಿ ತಂದು, ತಿರುಗಿ ಬಿಟ್ಟುಬರುವುದು ಅವನ ಕೆಲಸ. ಮೇಲೆ ಹತ್ತುವಂತಿರಲಿಲ್ಲ. ಆದರೂ ಅಲ್ಲಿಯ ಒಂದು ಪದ್ಧತಿ ಅವನಿಗೆ ಗೊತ್ತಿತ್ತು. ಒಬ್ಬಳು ಏನು ಮಾಡಿದರೆ ಉಳಿದವರೂ ಅದನ್ನೇ ಮಾಡಬೇಕು. ಒಬ್ಬಳು ರೊಟ್ಟಿ ಬಡಿದರೆ ಎಲ್ಲರೂ ಬಡಿಯಬೇಕು. ಒಬ್ಬಳು ಮೂಲೆಯಲ್ಲಿ ಮುದುಡಿ ಕುಳಿತರೆ ಎಲ್ಲರೂ ಮುದುಡಿ ಕೂಡಬೇಕು. "ನಾ ಒಬ್ಬಾಕಿನೇ ಹಿಂಗ ಅಂತ ಯಾರಿಗೂ ಅನ್ನಿಸಬಾರ್ದು" ಎನ್ನುತ್ತಿದ್ದಳು ಮುಸರ್ರತ.

ಫೈಜಲ ಆಟೋದಿಂದ ಇಳಿದದ್ದು ಅವನಿಗೇ ತಿಳಿಯಲಿಲ್ಲ. ಎಡಗೈಯಲ್ಲಿ ಹಾವಗೆಪ್ಪನ ಕಾಲರು ಇತ್ತು. ಬಲಗೈ ತಲೆಯ ಮೇಲಕ್ಕೆ ಹೋಗಿತ್ತು.

"ಇನ್ನೊಮ್ಮಿ ಅನ್ನು ನೋಡೋಣ! ನಾಲಿಗಿ ಕಿತ್ತಿ ಕೈಯಾಗ ಕೊಡ್ತೇನಿ!"

ಅದೇ ಹೊತ್ತಿಗೆ ಮೇಲಿನ ಬಾಗಿಲು ತೆರೆದು ಹೆಂಗಸರು ಮೆಟ್ಟಿಲಿಳಿಯುತ್ತಿದ್ದರು. ಮುಂದೆ ಇದ್ದವಳು ಭಾತಂಬ್ರಾದ ದಾನಮ್ಮ. ಗಂಡನ ಮನೆಯಿಂದ ಬಂದ ಮೇಲೆ ಅವಳ ಕೈಗಳು ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಎಲುಬು ನೆಟ್ಟಗಿದೆ ಎಂದಿದ್ದರು ಡಾಕ್ಟರು. ತಲೆಯನ್ನು ತಾಯಿಯೇ ಬಾಚಬೇಕಿತ್ತು. ಆ ಎರಡೂ ಕೈಗಳು ಈಗ ಸರಕ್ಕನೆ ಎದ್ದು ಅವಳ ತಲೆಯನ್ನು ಮುಚ್ಚಿಕೊಂಡವು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಹಿಂದಿನವಳೂ ತಲೆ ಮುಚ್ಚಿ ಕುಸಿದಳು. ಅವಳ ಹಿಂದಿನವಳು, ಅವಳ ಹಿಂದಿನವಳು. ಪದ್ಧತಿಗೆ ಮಾಡಿದರೋ, ತಮ್ಮ ತಮ್ಮ ನೆನಪಿಗೆ ಮಾಡಿದರೋ, ಯಾರು ಹೇಳಬೇಕು. ಕೆಳಗಿನಿಂದ ಮೇಲಿನ ತನಕ ಬರೀ ಮೊಣಕೈಗಳು, ಬಳೆಗಳು.

ಕಾಲರು ಬಿಡಿಸಿಕೊಂಡ ಹಾವಗೆಪ್ಪ ಆ ಕಡೆ ನೋಡಿ ಹೊಟ್ಟೆ ಹಿಡಿದು ನಕ್ಕ. "ನೋಡ್ರಿ, ನೋಡ್ರಿ! ಪಾವಟಣಿಗಿ ಮ್ಯಾಲೂ ಕುಣಿಲತಾರ!"

ಯಾರೂ ಜೊತೆಗೆ ನಗಲಿಲ್ಲ.

"ಕೈ ಇಳಸು, ಫೈಜಲ," ಎಂದಳು ಮುಸರ್ರತ ಎಲ್ಲರಿಗಿಂತ ಹಿಂದಿನಿಂದ. ಅವಳೊಬ್ಬಳೇ ನಿಂತಿದ್ದಳು. ಆದರೆ ಅವಳ ಅಂಗೈ ಕೂಡ ಕಿವಿಯ ಹತ್ತಿರ ಇತ್ತು.

ಅವತ್ತು ಹಳ್ಳಿಯ ಹೆಂಗಸರು ಯಾರೂ ಆಟೋ ಹತ್ತಲಿಲ್ಲ. ಇಬ್ಬರು ದಾನಮ್ಮನ ರಟ್ಟೆ ಹಿಡಿದರು, ಎಲ್ಲರೂ ಬಸ್‌ಸ್ಟ್ಯಾಂಡಿನತ್ತ ನಡೆದರು. ಅಕ್ಕ ತಮ್ಮ ಇಬ್ಬರೇ ಆಟೋದಲ್ಲಿ ಬೀದರಿನ ದಾರಿ ಹಿಡಿದರು.

"ಇವತ್ತ ಖೋಲ್ಯಾಗ ದಾನಮ್ಮ ಹೆಗಲ ದಾಟಿಸಿ ಕೈ ಎತ್ತಿದ್ಲು," ಎಂದಳು ಮುಸರ್ರತ. "ಹಿಂಗ, ಅಂಗೈ ಮುಂದ ಮಾಡಿ. ನಿಂದ್ರು ಅಂದಂಗ. ಅಮಾಸಿ ಆದ ಮ್ಯಾಲೆ ಗಂಡನ ಮನಿಯವರು ಕರಿಲಾಕ ಬರ್ತಾರಂತ. ಒಲ್ಲೆ ಅನ್ಲಾಕ ಆಕಿಗಿ ಬಾಯಿ ಇಲ್ಲ. ಅದೊಂದ್ ಕೈ ಬೇಕಿತ್ತು."

"ನಿನ್ ಸಲುವಾಗೇ ಎತ್ತಿದ್ದು, ಆಪಾ. ಹಂತಾ ಮಾತು ಅಂದ್ರ ಸುಮ್ಕ ಇರ್ಬೇಕೇನು?"

"ಯಾರ ಸಲುವಾಗಿ ಎತ್ತಿದಿ ಅಂತ ಕೈಗಿ ಗೊತ್ತಿರ್ತದೇನು? ಅವರ ಗಂಡಂದ್ರೂ ಮರ್ಯಾದಿ ಸಲುವಾಗೇ ಹೊಡದಾರ."

ಫೈಜಲ ಹ್ಯಾಂಡಲ್ ಮೇಲಿದ್ದ ತನ್ನ ಕೈ ನೋಡಿದ. ಅದು ಬೇರೆ ಯಾರದೋ ಹಾಗೆ ಕಂಡಿತು. ಸಿಟ್ಟು ಹುಡುಕಿದ, ಇರಲಿಲ್ಲ. ನಾಚಿಕೆಯೂ ಇರಲಿಲ್ಲ. ಚಳಿಗಾಲದ ಮುಂಜಾನೆ ಕೈ ಸೆಟೆದುಕೊಂಡು, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು.

ಹಾವಗೆಪ್ಪ ಖೋಲಿಯ ಚಾವಿ ಕಸಿದುಕೊಂಡ. ಟೇಲರಿಂಗ್ ಕ್ಲಾಸಿನವರು ತಮ್ಮ ಪಡಸಾಲೆ ಕೊಟ್ಟರು. ಮುಂದಿನ ಗುರುವಾರ ಹೆಂಗಸರು ಬಸ್ಸು ಹಿಡಿದು ಬಂದರು. ದಾನಮ್ಮ ಬರಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಿತ್ತು.

ಮುಸರ್ರತ ಭಾತಂಬ್ರಾಕ್ಕೆ ಹೊರಟಳು. ಫೈಜಲನೇ ಆಟೋ ಹೊಡೆದ. ಊರ ಮಂದಿ ಇಸ್ಪೀಟು ಆಡುತ್ತ ಕುಳಿತಿದ್ದ ಕಟ್ಟೆಯ ಎದುರಿಗೇ ದಾನಮ್ಮನ ಮನೆ. ಅವಳ ತಾಯಿ ರುಕ್ಮಿಣಿಬಾಯಿ ಹೊರಬಂದು ಮುಸರ್ರತಳ ಕೈ ಹಿಡಿದುಕೊಂಡಳು.

"ರಾತ್ರಿ ಚೀರಿ ಏಳ್ತಾಳ್ರಿ ಬಾಯಿ. ಮತ್ತ ಕೈ ಕೆಳಗೇ ಬಿದ್ದಾವ."

"ನನ್ ಸಂಗಟ ಕಳಸ್ರಿ ಯವ್ವ. ನಾನೇ ತಂದು ಬಿಡ್ತೇನಿ."

ರುಕ್ಮಿಣಿಬಾಯಿ ಫೈಜಲನನ್ನು ನೋಡಿದಳು. "ನಿಮ್ ಸಂಗಟ ಕಳಸ್ತೇನ್ರಿ. ಈ ಹುಡ್ಗ ಇದ್ರ ಆಕಿ ಗಾಡಿ ಹತ್ತಂಗಿಲ್ರಿ. ಸಿಟ್ಟಾಗಬ್ಯಾಡ್ರಿ, ಇದ್ದದ್ದು ಹೇಳ್ಲತೀನಿ."

ಬಾಗಿಲ ಸಂದಿಯಲ್ಲಿ ದಾನಮ್ಮ ನಿಂತಿದ್ದಳು. ಅರ್ಧ ಮುಖ, ಒಂದು ಕಣ್ಣು. ಆ ಕಣ್ಣು ಫೈಜಲನ ಮುಖವನ್ನು ನೋಡುತ್ತಿರಲಿಲ್ಲ. ಅವನ ಬಲಗೈಯನ್ನು ನೋಡುತ್ತಿತ್ತು.

ಫೈಜಲ ಇಳಿದ. ಚಾವಿ ತೆಗೆದು ಅಕ್ಕನಿಗೆ ಕೊಟ್ಟ. ಬೀದರ ಕೋಟೆಯ ಮೈದಾನದಲ್ಲಿ ಅವಳಿಗೆ ಗಾಡಿ ಕಲಿಸಿದವನು ಅವನೇ. ರಸ್ತೆಗೆ ಮಾತ್ರ ಬಿಟ್ಟಿರಲಿಲ್ಲ, ಮಂದಿ ನಗುತ್ತಾರೆಂದು.

"ಬ್ರೇಕ್ ಸ್ವಲ್ಪ ಗಟ್ಟಿ ಒತ್ತು," ಎಂದ.

"ನೀ ಹ್ಯಾಂಗ ಬರ್ತಿ?"

"ಬರ್ತೇನಿ."

ಮುಸರ್ರತ ಬುರ್ಖಾದ ಅಂಚು ಮೇಲೆತ್ತಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ಕಟ್ಟೆಯ ಮೇಲಿನ ಇಸ್ಪೀಟಿನ ಎಲೆಗಳು ನಿಂತವು.

"ಅರೇ ನೋಡ್ರೋ! ಗಾಡಿನೂ ಅಕ್ಕಗ ಕೊಟ್ಟ! ಏ ಡ್ರೈವರ್, ಬಳಿ ಇಟ್ಕೋಲಾಕ ನಡದೇನು?"

"ಭಾಲ್ಕ್ಯಾಗ ಕಾಲರ್ ಹಿಡಿದವ ಇವನೇ ಅಲ್ಲೇನು? ಇಲ್ಲಿ ಯಾಕ ಬೆಕ್ಕಿನಂಗ ನಿಂತಾನ? ಅಕ್ಕನ ಸೆರಗಿನಾಗ ಹೊಕ್ಕೊ ಹೋಗೋ!"

ಕಟ್ಟೆ ತುಂಬ ನಗು. ಬಾಗಿಲ ಸಂದಿ ಇನ್ನಷ್ಟು ಕಿರಿದಾಯಿತು.

ಫೈಜಲ ನಡೆಯತೊಡಗಿದ. ಡಾಂಬರು ರಸ್ತೆ ಹಿಡಿದರೆ ದಾನಮ್ಮ ಕುಳಿತ ಆಟೋ ತನ್ನನ್ನು ದಾಟಿಯೇ ಹೋಗಬೇಕಾಗುತ್ತದೆ ಎಂದು ಹೊಲದ ಹಾದಿಗೆ ಇಳಿದ. ಹಿಂದಿನಿಂದ ಇನ್ನೊಂದು ಬೈಗುಳ ಬಂತು, ಅದು ಅವನ ಅವ್ವನ ಮೇಲೆ. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಮತ್ತೆ ಹೊತ್ತಿತು. ಅವನು ತಿರುಗಲಿಲ್ಲ. ಕೊಯ್ದ ತೊಗರಿಯ ಕೂಳೆಗಳು ಚಪ್ಪಲಿಗೆ ಚುಚ್ಚುತ್ತಿದ್ದವು. ಕಾಲು ನೋಡಿಕೊಂಡು ಇಡುತ್ತ ನಡೆದ.