ನಾಲ್ಕು ಬದಿಯ ಲೆಕ್ಕ

ಆ ಫೋಟೊ ಫ್ರೇಮಿನ ಅಂಗಡಿಯಲ್ಲಿ ಕೆಲಸ ಎಂದೋ ಪಾಲಾಗಿ ಹೋಗಿತ್ತು. ಅಳತೆ ಅಣ್ಣನದು, ಮಾತು ತಂಗಿಯದು. ಗಿರಾಕಿ ಬಂದರೆ ತಂಗಿ ನಗುನಗುತ್ತಾ ಕೂರಿಸಿ, ಯಾವ ಚಿತ್ರಕ್ಕೆ ಯಾವ ಬಣ್ಣದ ಫ್ರೇಮು ಒಪ್ಪುತ್ತದೆಂದು ಹೇಳಿ, ಬೇಡವೆಂದು ಬಂದವರನ್ನೂ ಬೇಕೆನ್ನಿಸಿ ಕಳಿಸುತ್ತಿದ್ದಳು. ಅಷ್ಟರಲ್ಲಿ ಅಣ್ಣ ಟೇಪು ಎಳೆದು, "ಮೂವತ್ತು ಇಪ್ಪತ್ತು" ಎಂದು ತನಗೆ ತಾನೇ ಗೊಣಗಿಕೊಂಡು ಒಳಗೆ ಗರಗಸದ ಹತ್ತಿರ ಹೋಗುತ್ತಿದ್ದ.

ಟೇಪನ್ನು ಅವಳು ಮುಟ್ಟುತ್ತಿರಲಿಲ್ಲ. ಅಣ್ಣನಿಗೆ ಜ್ವರ ಬಂದಾಗ ಒಮ್ಮೆ ಮುಟ್ಟಿ, ದೊಡ್ಡದೊಂದು ಗಾಜನ್ನು ಗಿಡ್ಡವಾಗಿ ಕತ್ತರಿಸಿಟ್ಟಿದ್ದಳು. ಆ ಗಾಜು ಎಂದೋ ಕಸಕ್ಕೆ ಹೋಗಿತ್ತು, ಅದರ ಕಥೆ ಮಾತ್ರ ಹೋಗಲಿಲ್ಲ. "ನಮ್ಮಮ್ಮ ಲೆಕ್ಕಾನೆಲ್ಲ ನನಗೇ ಬಡಿಸಿಬಿಟ್ಟಳು ಸ್ವಾಮಿ, ಇವಳ ಸರದಿ ಬರೋ ಹೊತ್ತಿಗೆ ಪಾತ್ರೆ ಖಾಲಿ" ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ತಾನೇ ಮೊದಲು ನಕ್ಕುಬಿಟ್ಟರೆ ನೋವು ಅರ್ಧಕ್ಕೆ ಇಳಿಯುತ್ತದೆ ಎನ್ನುವುದೊಂದೇ ಅವಳಿಗೆ ಬರುತ್ತಿದ್ದ ಲೆಕ್ಕ.

ನಗದೆ ಇರುತ್ತಿದ್ದವಳು ಅವಳ ಮಗಳೊಬ್ಬಳೇ. ಒಂಬತ್ತು ವರ್ಷದ ಹುಡುಗಿ. ಹುಟ್ಟಿದಾಗ ಬೊಗಸೆಯಲ್ಲಿ ಹಿಡಿಸುವಷ್ಟಿದ್ದಳೆಂದು ಎಲ್ಲರೂ ಚೋಟು ಎಂದೇ ಕರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿಗೇ ಬಂದು, ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕುಳಿತು ಹೋಂವರ್ಕ್ ಮಾಡುವವಳು. ಲೆಕ್ಕದ ಪುಸ್ತಕವನ್ನು ಮಾತ್ರ ಚೀಲದಿಂದ ಹೊರಗೆ ತೆಗೆಯುತ್ತಿರಲಿಲ್ಲ. "ಹೋಗ್ಲಿ ಬಿಡು ಚಿನ್ನ, ನನಗೂ ಅದು ಕಬ್ಬಿಣದ ಕಡಲೇನೇ ಆಗಿತ್ತು" ಎಂದು ತಾಯಿ ತಲೆ ಸವರುತ್ತಿದ್ದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಅಣ್ಣ ಗಾದೆ ಸೇರಿಸುತ್ತಿದ್ದ.

ಹೀಗೆ ಹಗುರವಾಗಿ ಹೋಗುತ್ತಿದ್ದದ್ದು ಟೀಚರ್ ಕರೆಸಿದ ದಿನ ಭಾರವಾಯಿತು.

"ನಿಮ್ಮ ಮಗಳು ತಪ್ಪು ಬರೀತಿದ್ರೆ ನನಗೆ ಚಿಂತೆ ಇರ್ತಿರಲಿಲ್ಲ," ಎಂದರು ಟೀಚರ್. "ತಪ್ಪಿದ್ರೆ ತಿದ್ದಬಹುದು. ಇವಳು ಖಾಲಿ ಹಾಳೆ ಕೊಡ್ತಾಳೆ. ಖಾಲಿ ಹಾಳೇಲಿ ನಾನು ಏನನ್ನ ತಿದ್ದಲಿ ಹೇಳಿ?"

ಸೋಮವಾರ ಇನ್ನೊಂದು ಪರೀಕ್ಷೆಯಿತ್ತು. ಅದೂ ಖಾಲಿ ಬಂದರೆ ಹುಡುಗಿಯನ್ನು ಕೆಳಗಿನ ಕ್ಲಾಸಿಗೆ ಹಾಕುತ್ತಾರೆ. ಕೆಳಗಿನ ಕ್ಲಾಸೆಂದರೆ ಮೆಟ್ಟಿಲ ಬುಡದ ಕೋಣೆ. ಕಲಿಕೆಯಲ್ಲಿ ಹಿಂದೆ ಬಿದ್ದವರಿಗೆಂದು ಮಾಡಿದ್ದು. ಅಲ್ಲಿಗೆ ಇಳಿದ ಮಕ್ಕಳು ಮತ್ತೆ ಮೆಟ್ಟಿಲು ಹತ್ತಿದ್ದನ್ನು ತಾನು ಕಂಡಿಲ್ಲ ಎಂದು ಟೀಚರ್ ದನಿ ತಗ್ಗಿಸಿ ಹೇಳಿದರು. "ಅದಕ್ಕೂ ಮುಂಚೆ, ಶುಕ್ರವಾರ ಲೆಕ್ಕದ ಸಂಜೆ ಅಂತ ಇಟ್ಕೊಂಡಿದ್ದೀನಿ. ಮನೆಯವರು ಮಕ್ಕಳ ಜೊತೆ ಕೂತು ಆಟದ ಥರ ಲೆಕ್ಕ ಮಾಡೋದು. ಭಯ ಹೋಗ್ಲಿ ಅಂತ. ನೀವು ಬನ್ನಿ."

ಭಯ ಹೋಗಲೆಂದು ಕರೆದರು, ಭಯ ಅಲ್ಲಿಂದಲೇ ಶುರುವಾಯಿತು. ನಾಲ್ಕು ಜನರ ಮುಂದೆ, ಮಗಳ ಪಕ್ಕದಲ್ಲಿ, ಲೆಕ್ಕ! ಗಂಡನಿಗೆ ಕಾರ್ಖಾನೆಯಲ್ಲಿ ಸಂಜೆ ಪಾಳಿ, ಅವನನ್ನು ಕಳಿಸುವಂತಿಲ್ಲ. ಅಣ್ಣನನ್ನು ಕೇಳಿದಳು.

"ಅಷ್ಟೇ ತಾನೆ, ನಾನು ಹೋಗ್ತೀನಿ ಬಿಡು," ಎಂದ ಅವನು ಎದೆಯುಬ್ಬಿಸಿ.

"ಮಾವ ಬಂದ್ರೆ ನಾನು ಹೋಗಲ್ಲ," ಎಂದಳು ಚೋಟು. ತಲೆ ಎತ್ತದೆ, ಪೆನ್ಸಿಲು ಚೂಪು ಮಾಡುತ್ತಲೇ ಹೇಳಿದಳು. ಯಾಕೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಶುಕ್ರವಾರ ಬಂದೇ ಬಂತು. ತಲೆನೋವೆಂದು ಮಲಗಿಬಿಡಲೇ ಎಂದು ಅವಳು ಬೆಳಗಿನಿಂದ ಯೋಚಿಸಿದ್ದಳು. ಹಾಳಾದ ತಲೆ, ಬೇಕಾದಾಗ ನೋಯುವುದೂ ಇಲ್ಲ. ಶಾಲೆಯ ಹಾಲಿನಲ್ಲಿ ಮಕ್ಕಳ ಪುಟ್ಟ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕುಳಿತಿದ್ದರು. ಒಂದು ಕಡೆ ಬೀಜಗಳ ಡಬ್ಬಿಯಲ್ಲಿ ಎಷ್ಟು ಬೀಜವಿರಬಹುದೆಂದು ಅಂದಾಜು ಮಾಡುತ್ತಿದ್ದರು, ಇನ್ನೊಂದು ಕಡೆ ದಾಳ ಉರುಳಿಸುತ್ತಿದ್ದರು. ಮಕ್ಕಳ ಗದ್ದಲದಲ್ಲಿ ಖುಷಿಯಿತ್ತು. ಅವಳು ಮಾತ್ರ ಬಾಗಿಲಿಗೆ ಹತ್ತಿರದ ಬೆಂಚನ್ನೇ ಹುಡುಕಿದಳು.

ಟೀಚರ್ ಅವರಿಬ್ಬರನ್ನೂ ಮೂಲೆಯ ಮೇಜಿಗೆ ಕರೆದೊಯ್ದರು. ಮೇಜಿನ ಮೇಲೆ ದೋಣಿಯ ಚಿತ್ರವೊಂದು, ಟೇಪು, ಕತ್ತರಿ, ಕೆಂಪು ಕಾಗದದ ಪಟ್ಟಿಯ ಸುರುಳಿ. ಚಿತ್ರದ ಅಂಚಿನ ಸುತ್ತ ಪಟ್ಟಿ ಅಂಟಿಸಬೇಕು. ಎಷ್ಟು ಉದ್ದ ಬೇಕೆಂದು ಮೊದಲು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು. ಆಮೇಲೆ ಒಂದೇ ಸಲ ಕತ್ತರಿಸಬೇಕು. ಪಕ್ಕದ ಮೇಜಿನಲ್ಲೂ ಇದೇ ಆಟ ನಡೆದಿತ್ತು.

"ನಿಮ್ಮದು ಫ್ರೇಮಿನ ಅಂಗಡಿ ಅಲ್ವಾ, ಕಣ್ಣು ಮುಚ್ಕೊಂಡು ಮಾಡ್ತೀರಿ ಬಿಡಿ," ಎಂದು ಟೀಚರ್ ನಕ್ಕರು. ಪಕ್ಕದ ಮೇಜಿನ ಅಪ್ಪಂದಿರೂ ಅಮ್ಮಂದಿರೂ ತಿರುಗಿ ನೋಡಿದರು.

ಅವಳು ಟೇಪು ಹಿಡಿದಳು. ಉದ್ದ ಮೂವತ್ತು, ಅಗಲ ಇಪ್ಪತ್ತು ಎಂದು ಗಟ್ಟಿಯಾಗಿ ಓದಿಕೊಂಡಳು. ಮೂವತ್ತು ಇಪ್ಪತ್ತು! ದಿನವಿಡೀ ಅಂಗಡಿಯಲ್ಲಿ ಕೇಳುವ ಮಾತು. ಗಿರಾಕಿ ಹೇಳುವುದೂ ಎರಡೇ ಸಂಖ್ಯೆ, ಅಣ್ಣ ಗೊಣಗುವುದೂ ಎರಡೇ ಸಂಖ್ಯೆ. ಮರದ ಪಟ್ಟಿ ಎಷ್ಟು ಬೇಕೆಂಬ ಲೆಕ್ಕವೆಲ್ಲ ಗರಗಸದ ಹತ್ತಿರ, ಅಣ್ಣನ ತಲೆಯಲ್ಲೇ ಮುಗಿಯುತ್ತಿತ್ತು. ಅವಳ ಮಟ್ಟಿಗೆ ಚಿತ್ರವೆಂದರೆ ಎರಡು ಸಂಖ್ಯೆ. ಎರಡನ್ನೂ ಕೂಡಿಸಿ, ಐವತ್ತು ಎಂದು ಬರೆದು, ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟಳು.

ಆಗ ಮಗಳ ಕಡೆ ಕಣ್ಣು ಹೋಯಿತು.

ಚೋಟು ಟೇಪನ್ನು ಕೇಳಿರಲೇ ಇಲ್ಲ. ಅವಳ ತೋರುಬೆರಳು ಚಿತ್ರದ ಅಂಚಿನ ಮೇಲೆ ಒಂದು ಸುತ್ತು ಬಂತು, ಪ್ರತಿ ಮೂಲೆಯಲ್ಲೂ ಒಂದು ಗಳಿಗೆ ನಿಂತು. ತುಟಿ ಅಲುಗಿತು. ತಡವಿಲ್ಲದೆ ಚೀಟಿಯಲ್ಲಿ ನೂರು ಎಂದು ಬರೆದಳು. ಆಮೇಲೆ ಅಮ್ಮನ ಚೀಟಿಯನ್ನು ಇಣುಕಿ ನೋಡಿದಳು. ರಬ್ಬರು ತೆಗೆದು ನೂರನ್ನು ನಿಧಾನವಾಗಿ ಅಳಿಸಿ, ಆ ಜಾಗದಲ್ಲೇ ಐವತ್ತು ಎಂದು ಬರೆದಳು.

"ಯಾಕೆ ಅಳಿಸಿದೆ?" ತಾಯಿ ಮೆಲ್ಲಗೆ ಕೇಳಿದಳು.

"ನೀನು ಐವತ್ತು ಬರೆದಿದ್ದೀಯಲ್ಲ."

"ನಿಂದು ಸರಿ ಅಂತ ನಿನಗೆ ಗೊತ್ತಿತ್ತಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು. ಮೇಜಿನ ಮೇಲೆ ಬಿದ್ದ ರಬ್ಬರಿನ ಪುಡಿಯನ್ನು ಬೆರಳಲ್ಲಿ ಗುಡ್ಡೆ ಮಾಡುತ್ತಾ ಕುಳಿತಳು. "ನನಗೆ ಲೆಕ್ಕ ಬರುತ್ತೆ ಅಂತ ಗೊತ್ತಾದ್ರೆ ಮಾವ ನನ್ನನ್ನ ಅವರ ಕಡೆ ಸೇರಿಸ್ಕೋತಾರೆ," ಎಂದಳು. "ಆಮೇಲೆ ಎಲ್ಲರೂ ನಗುವಾಗ ನಿನ್ನ ಕಡೆ ಯಾರೂ ಇರಲ್ಲ."

"ಪರೀಕ್ಷೆ ಹಾಳೆ ಖಾಲಿ ಬಿಟ್ಟಿದ್ದೂ ಅದಕ್ಕೇನಾ?"

"ತಪ್ಪು ಬರೆಯೋಣ ಅಂದ್ಕೊಂಡೆ ಅಮ್ಮ. ಸರಿ ಉತ್ತರ ಗೊತ್ತಿದ್ದಾಗ ಕೈ ಬರಲ್ಲ. ಅದಕ್ಕೆ ಖಾಲಿ ಬಿಟ್ಟೆ."

ವರ್ಷಗಟ್ಟಲೆ ತಾನು ನಕ್ಕದ್ದನ್ನು ಈ ಮಗು ನಗುವೆಂದು ಒಂದು ದಿನವೂ ನಂಬಿರಲಿಲ್ಲ. ತನ್ನ ಜೊತೆಗಿರಲೆಂದು ಮೆಟ್ಟಿಲ ಬುಡದ ಕೋಣೆಗೆ ತಾನಾಗಿಯೇ ಇಳಿಯಲು ಹೊರಟಿತ್ತು. ಅಳು ಬಂತು, ತನ್ನ ಮೇಲೆ ತನಗೇ ಸಿಟ್ಟೂ ಬಂತು.

"ಬರೆದ್ರಾ?" ಟೀಚರ್ ಬಂದು ನಿಂತರು.

ನಕ್ಕು ತೇಲಿಸಿಬಿಡಲು ಇದೊಳ್ಳೆ ಸಮಯ. ಲೆಕ್ಕ ನಮ್ಮ ವಂಶಕ್ಕೇ ಹತ್ತಲ್ಲ ಟೀಚರ್ ಎಂದರೆ ಸಾಕು, ಎಲ್ಲರೂ ನಗುತ್ತಾರೆ, ಬೀಸುವ ದೊಣ್ಣೆ ತಪ್ಪುತ್ತದೆ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಮಗಳು ರಬ್ಬರಿನ ಪುಡಿ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು.

"ನಂದು ತಪ್ಪಾಗಿದೆ ಟೀಚರ್," ಎಂದಳು ಅವಳು. "ಇವಳದು ಸರಿ ಇತ್ತು, ನನಗೋಸ್ಕರ ಅಳಿಸಿದ್ದಾಳೆ. ನೂರು ಹೇಗೆ ಬಂತು ಅಂತ ನನಗೆ ಅರ್ಥ ಆಗಿಲ್ಲ. ಚೋಟು, ನನಗೆ ಹೇಳ್ಕೊಡ್ತೀಯಾ?"

ಚೋಟು ಟೀಚರನ್ನು ನೋಡಿದಳು, ಅಮ್ಮನನ್ನು ನೋಡಿದಳು, ಯಾರಾದರೂ ನಗುತ್ತಾರೇನೋ ಎಂದು ಹಾಲನ್ನೆಲ್ಲ ನೋಡಿದಳು. ಆಮೇಲೆ ಅಮ್ಮನ ಬೆರಳು ಹಿಡಿದು ಚಿತ್ರದ ಮೂಲೆಯಲ್ಲಿಟ್ಟಳು. "ಇಲ್ಲಿಂದ ಇಲ್ಲಿಗೆ ಮೂವತ್ತು. ಇಳೀತಾ ಇಪ್ಪತ್ತು. ನೀನು ಇಲ್ಲೇ ನಿಂತುಬಿಟ್ಟೆ ಅಮ್ಮ. ಇನ್ನೂ ಎರಡು ಬದಿ ಇದೆ. ವಾಪಸ್ ಬರಬೇಕಲ್ವಾ?"

ಪಕ್ಕದ ಮೇಜಿನ ದಪ್ಪ ಮೀಸೆಯ ತಂದೆಯೊಬ್ಬ ಆಗಲೇ ಕತ್ತರಿಸಿ ಅರ್ಧಕ್ಕೇ ಮುಗಿದುಹೋದ ತನ್ನ ಪಟ್ಟಿಯನ್ನು ಸದ್ದಿಲ್ಲದೆ ಜೇಬಿಗೆ ತುರುಕಿಕೊಂಡು, ಕುತ್ತಿಗೆ ಚಾಚಿ ಕೇಳಿಸಿಕೊಳ್ಳತೊಡಗಿದ.

ಮರುದಿನ ಅಂಗಡಿಗೆ ಬಂದ ಗಿರಾಕಿಯ ಮುಂದೆ ಅಣ್ಣ ಎಂದಿನಂತೆ ಶುರು ಮಾಡಿದ. "ನಮ್ಮಮ್ಮ ಲೆಕ್ಕಾನೆಲ್ಲ..."

"ಆ ಮಾತು ಇನ್ನು ಸಾಕಣ್ಣ," ಎಂದಳು ಅವಳು. "ಇಲ್ಲಿ ಕೂತು ಅದನ್ನ ಕೇಳಿ ಕೇಳಿ ಮಗು ನನಗೋಸ್ಕರ ಹಾಳೆ ಖಾಲಿ ಬಿಡ್ತಿದೆ. ಟೇಪು ಕೊಡು."

ಅಣ್ಣ ಟೇಪು ತೆಗೆದು ಅವಳ ಕೈಗಿಟ್ಟ. ಅವಳು ಎರಡು ಸಲ ಅಳೆದಳು, ಎರಡು ಸಲವೂ ಬೇರೆ ಬೇರೆ ಬಂತು. ಹಿಂದಿನಿಂದ ಸಣ್ಣ ದನಿಯೊಂದು "ಇನ್ನೊಂದ್ಸಲ ಅಳೆ ಅಮ್ಮ" ಎಂದಿತು. ಮೂರನೆಯ ಸಲ ಸರಿ ಬಂತು.

ಸೋಮವಾರ ಮಾತ್ರ ಕಳೆಯುವುದು ಕಷ್ಟವಾಯಿತು. ಗಿರಾಕಿಗಳು ಕೇಳಿದ್ದಕ್ಕೆ ಅವಳು ಏನೇನೋ ಉತ್ತರ ಕೊಟ್ಟಳು. ಅದೇ ಗಾಜನ್ನು ಮತ್ತೆ ಮತ್ತೆ ಒರೆಸಿದಳು. ಇಷ್ಟು ದಿನದ ಅಭ್ಯಾಸ, ಹಾಳೆ ಕೈಗೆ ಬಂದಾಗ ಮಗು ಮತ್ತೆ ಹೆದರಿದರೆ? ಅಮ್ಮನೊಬ್ಬಳೇ ಆಗುತ್ತಾಳೆಂದು ಮತ್ತೆ ಅನಿಸಿದರೆ? ಬಾಗಿಲ ಕಡೆ ನೋಡಿ ನೋಡಿ ಕಣ್ಣು ಸೋತಿತು.

ಚೋಟು ಬಂದವಳೇ ಚೀಲದಿಂದ ಟೀಚರ್ ಅಲ್ಲೇ ತಿದ್ದಿ ಕೊಟ್ಟ ಹಾಳೆ ತೆಗೆದು ಕೌಂಟರಿನ ಮೇಲಿಟ್ಟಳು. "ಎರಡು ತಪ್ಪಾಗಿದೆ ಅಮ್ಮ," ಎಂದಳು. "ನಿಜವಾಗಿ ಗೊತ್ತಿರಲಿಲ್ಲ. ಆದ್ರೂ ಬರೆದೆ."

ತಾಯಿ ಹಾಳೆಯನ್ನು ಬೆಳಕಿಗೆ ಹಿಡಿದಳು. ಅಂಕಗಳನ್ನು ನೋಡಲಿಲ್ಲ. ಸಾಲಿನಿಂದ ಸಾಲಿಗೆ ಬೆರಳಿಟ್ಟು ಕೊನೆಯವರೆಗೂ ಹೋದಳು. ಒಂದು ಜಾಗವೂ ಖಾಲಿ ಇರಲಿಲ್ಲ, ಎಲ್ಲಿಯೂ ರಬ್ಬರಿನ ಗುರುತೂ ಇರಲಿಲ್ಲ.

"ಆ ಎರಡು ಯಾವುದು, ತೋರಿಸು," ಎಂದಳು. "ಇಬ್ಬರೂ ನೋಡೋಣ."

ಅಣ್ಣ ತನ್ನ ಸ್ಟೂಲನ್ನು ಅವರತ್ತ ತಳ್ಳಿದ.