ಗೌಡರ ಕೆನಡಾ

"ಲೇ, ಕುಂಡಿ ಊರಿ ಕುಂದರ್ರಿಲೇ! ಚಾ ಅಂದ್ರ ಮುಂದ, ಶಾಣ್ಯಾತನದ ಮಾತಂದ್ರ ಹಿಂದ. ಬೋಳಿಮಕ್ಕಳು!"

ಬಸವಂತರಾಯ ಗೌಡರ ಸ್ವಾಗತ ಭಾಷಣ ಇಷ್ಟೇ. ನಾವು ಹನ್ನೊಂದು ಮನೆಯವರು ಅವರ ಕಟ್ಟೆಯ ಕೆಳಗೆ, ಚಪ್ಪಲಿ ಬಿಡುವಲ್ಲಿ ಕೂತೆವು. ಅದು ನಮ್ಮ ಕಾಯಂ ಜಾಗ. ಮೂರು ತಲೆಮಾರಿನಿಂದ ಭೀಮಾ ದಂಡೆಯ ಅವರ ಹೊಲವನ್ನು ಪಾಲಿಗೆ ಮಾಡುತ್ತೇವೆ. ಹೊಲದ ಬದುವಿನಲ್ಲೇ ನಮ್ಮ ಗುಡಿಸಲುಗಳಿವೆ. ಈಗ ಅಲ್ಲಿ ಸೋಲಾರ್ ಪ್ಲೇಟು ಬರುತ್ತವಂತೆ. ನಾವು ಎದ್ದು ಜೇವರ್ಗಿ ಕಡೆಯ ಹಳೇ ಕಲ್ಲುಖಣಿಯ ದಂಡೆಗೆ ಹೋಗಬೇಕಂತೆ. 'ಸ್ವಂತ ಖುಷಿಯಿಂದ ಹೋಗುತ್ತೇವೆ' ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದಕ್ಕೇ ಈ ಚಹಾ.

ನಮಗೆ ಖುಷಿ ತರಿಸಲು ಗೌಡರು ಕಲಬುರ್ಗಿಯಿಂದ ಸಂತೋಷಕುಮಾರ ಎಂಬ ಲೆಕ್ಚರರನ್ನು ಕರೆಸಿದ್ದರು. ಆತ ಗೋಡೆಗೆ ಬಿಳಿ ಧೋತರ ಕಟ್ಟಿ ಚಿತ್ರ ತೋರಿಸಿದ. ಸ್ಕಾಟ್ಲೆಂಡ್ ಎಂಬ ದೇಶದ ನಡುಗಡ್ಡೆಗಳ ಬಡ ಒಕ್ಕಲು ಮಂದಿ ಹಿಂದೆ ಹಡಗು ಹತ್ತಿ ಕೆನಡಾಕ್ಕೆ ಹೋದರಂತೆ. ಅಲ್ಲಿ ಮೊಳಕಾಲುದ್ದ ಹಿಮ, ಮುಗಿಯದ ಕಾಡು. ಮರ ಕಡಿದು, ದಿಮ್ಮಿಯ ಮನೆ ಕಟ್ಟಿ, ಬೇರುಗಳ ನಡುವೆ ಆಲೂಗಡ್ಡೆ ಊರಿ ಬದುಕಿದರಂತೆ.

"ಅವ್ರ ಮರಿಮಕ್ಕಳು ಇವತ್ತು ಕಾರಿನಾಗ ಅಡ್ಡಾಡ್ತಾರ," ಅಂದ.

"ಖಣಿ ದಂಡೀನ ನಿಮಗ ಕೆನಡಾ ಅಂತ ತಿಳೀರಿ," ಎಂದು ಗೌಡರು ಸೇರಿಸಿದರು.

ಅಜೀಜಾಬಿ ಕೈ ಎತ್ತಿದಳು. ಎಪ್ಪತ್ತು ದಾಟಿದ ಮುದುಕಿ. ನಮ್ಮ ಹನ್ನೊಂದು ಮನೆಯ ಬಾಣಂತನವೆಲ್ಲ ಅವಳ ಕೈಯಲ್ಲೇ ಆಗಿದೆ. ಬಾಯಿಗೆ ಬೀಗ ಮಾತ್ರ ಇಲ್ಲ.

"ಸರ, ಅವ್ರು ತಮ್ಮೂರ ಯಾಕ ಬಿಟ್ರು?"

ಓದಿದ ಮನುಷ್ಯ, ಪಾಪ, ಸುಳ್ಳು ಹೇಳಲು ಬರಲಿಲ್ಲ. "ಭಾಳ ಕಡೆ ಧಣಿಗೋಳೇ ಬಿಡಿಸಿದ್ರಮ್ಮಾ. ಒಕ್ಕಲ ಮಂದಿಕಿಂತ ಕುರಿ ಸಾಕೋದ್ರಾಗ ಲಾಭ ಇತ್ತು."

"ಹಂಗಾರ ಇಲ್ಲಿ ಪ್ಲೇಟೇ ಕುರಿ ಅನ್ರಿ. ಧಣಿನೂ ಹಡಗ ಹತ್ತಿದ್ನೇನು?"

"ಇಲ್ಲ."

"ಕೆನಡಾದಾಗ ಮೊದಲ ಯಾರೂ ಇರಲಿಲ್ಲೇನು?"

"ಇದ್ರು. ಅಲ್ಲಿ ಮೂಲದ ಮಂದಿ."

"ಅವ್ರನ್ನ ಯಾವ ಕೆನಡಾಕ್ಕ ಕಳಿಸಿದ್ರು?"

ಆತ ಗಡಿಬಿಡಿಯಿಂದ ಮುಂದಿನ ಚಿತ್ರ ಹಾಕಿದ.

"ಖಣಿ ದಂಡಿಮ್ಯಾಗ ಕಲ್ಲ ಒಡಿಯೋ ಮಂದಿ ಇಪ್ಪತ್ತ ಗುಡಿಸಲ ಹಾಕ್ಕೊಂಡಾರ. ನಾವು ಹೋಗಿ ಅವ್ರ ಎದಿಮ್ಯಾಗ ಕುಂದ್ರೂಣೇನ್ರಿ?"

"ಬಾಯಿ ಮುಚ್ಚಬೇ ರಂಡೆ!" ಗೌಡರು ಎದ್ದು ನಿಂತರು. "ರೇವಣ್ಯಾ, ಬಾರಲೇ ಇಲ್ಲಿ. ಒತ್ತು."

ರೇವಣಪ್ಪ ನನ್ನ ಗಂಡ. ಗೌಡರು ಹೆಸರು ಹಿಡಿದು ಕರೆದರೆ ಸಾಕು, ಅವನ ಬೆನ್ನು ತಾನಾಗಿ ಬಾಗುತ್ತದೆ. ಮೊದಲ ಹೆಬ್ಬೆಟ್ಟು ಅವನದೇ. ನನಗೆ ನಾಚಿಕೆಯಾಯಿತು. ಸುಳ್ಳೇಕೆ, ಹೇಸಿಗೆಯೇ ಆಯಿತು. ಇನ್ನಿಬ್ಬರು ಒತ್ತಿದರು. ಉಳಿದವರು, "ಎಳ್ಳ ಅಮಾಸಿ ಚರಗ ಚೆಲ್ಲಿ ಹೇಳ್ತೀವ್ರಿ," ಎಂದು ಎದ್ದರು.

ಎಳ್ಳ ಅಮಾವಾಸ್ಯೆಗೆ ಬೆಳೆದು ನಿಂತ ಹೊಲದಲ್ಲಿ ಅಡುಗೆಯ ಎಡೆಯನ್ನು ಚೆಲ್ಲಿ ಭೂಮಿತಾಯಿಗೆ ಉಣಿಸುವುದೇ ಚರಗ. ಚೆಲ್ಲಿದ ಕೈಯದೇ ಮುಂದಿನ ವರ್ಷದ ಉಳುಮೆ. ಇದು ಗೌಡರ ಅಜ್ಜನೇ ಆಡಿದ ಮಾತು.

"ಹಂಗಾ? ಈ ವರ್ಷ ಚರಗ ನಾನೇ ಚೆಲ್ತೀನಿ," ಎಂದರು ಗೌಡರು.

ಅಮಾವಾಸ್ಯೆಯ ದಿನ ಸೋಲಾರ್ ಕಂಪನಿಯ ಸಾಹೇಬನನ್ನೂ ಫೋಟೊದವನನ್ನೂ ಕರೆದುಕೊಂಡು ಹೊಲಕ್ಕೆ ಬಂದರು. ಇಸ್ತ್ರಿ ಅಂಗಿಯ ಮೇಲೆ ಕಂಬಳಿ, ಕಾಲಲ್ಲಿ ಬೂಟು. ಅಡುಗೆ ಮಾತ್ರ ನಮ್ಮದು. ಸಜ್ಜೆಯ ಕಡಬು, ಭಜ್ಜಿ, ಪುಂಡಿಪಲ್ಯ ಎಲ್ಲ ಹೆಂಗಸರು ನಸುಕಿನಲ್ಲೇ ಎದ್ದು ಮಾಡಿದ್ದೆವು.

ಗೌಡರು ನಮ್ಮ ಬುಟ್ಟಿ ಎತ್ತಿಕೊಂಡು ಜೋಳದೊಳಗೆ ಇಳಿದರು. ಕೋಳಿಗೆ ಕಾಳು ಹಾಕಿದಂತೆ ಒಂದು ಹಿಡಿ ಎಸೆದು ಚರಗದ ಕೂಗು ಹಾಕಿದರು: "ಹುಲ್ಲುಲಿಗೋ!"

ಹಿಂದೆ ಬರುವವರು ನೀರು ಚಿಮುಕಿಸುತ್ತ "ಸಲಾಂಬ್ರಿಗೋ" ಎನ್ನಬೇಕು. ಉತ್ತರ ಸಿಗದ ಚರಗವನ್ನು ಕಾಗೆ ಮುಟ್ಟುತ್ತದೆಯೇ ಹೊರತು ಭೂಮಿ ಮುಟ್ಟುವುದಿಲ್ಲ. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಆದರೆ ಯಾರೂ ಬಾಯಿ ತೆರೆಯಲಿಲ್ಲ.

"ಹುಲ್ಲುಲಿಗೋ!" ಎರಡನೇ ಸಲ ದನಿ ಸ್ವಲ್ಪ ಇಳಿದಿತ್ತು. ಮೂರನೇ ಸಲಕ್ಕೆ ಗಂಟಲು ಒಡೆಯಿತು.

"ಯಾಕ್ರೀ, ಇವರಿಗೆ ಖುಷಿ ಇಲ್ವಾ?" ಎಂದು ಕಂಪನಿ ಸಾಹೇಬ ಕೇಳಿದ.

"ಸೂಳೆಮಕ್ಕಳ್ರ್ಯಾ, ಬಾಯಾಗ ಏನ ತುರುಕ್ಕೊಂಡೀರಿ? ಅನ್ರಲೇ!"

ನಾನು ಜೋಳ ಸರಿಸಿಕೊಂಡು ಹೋಗಿ ಬುಟ್ಟಿ ಕಸಿದುಕೊಂಡೆ. ಹೆಂಗಸು ಚರಗ ಚೆಲ್ಲಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಆದರೂ ಚೆಲ್ಲಿ ಕೂಗಿದೆ: "ಹುಲ್ಲುಲಿಗೋ!"

"ಸಲಾಂಬ್ರಿಗೋ!"

ಮೊದಲ ದನಿ ರೇವಣಪ್ಪನದು. ತಂಬಿಗೆ ಹಿಡಿದು ನನ್ನ ಹಿಂದೆಯೇ ಬಂದಿದ್ದ. ಆಮೇಲೆ ಇಡೀ ಹೊಲ ಕೂಗಿತು. ನಾಲ್ಕೂ ಬದು ಸುತ್ತಿದೆವು. ಗೌಡರು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದರು.

ಪ್ಲೇಟಿನ ಕಂಬ ನೆಡಲು ಬದುವಿನಲ್ಲಿ ಸುಣ್ಣದ ಗುರುತು ಹಾಕಿದ ಕಡೆಯೇ ನಾವು ಉಣ್ಣಲು ಕೂತೆವು. ಎರಡನೇ ಕಡಬಿಗೆ ಪೊಲೀಸ್ ಜೀಪು ಬಂತು. ಜಮಾದಾರ ಇಳಿದು, "ಏಳ್ರಲೇ!" ಅಂದ.

"ಬರ್ರಿ ಸಾಹೇಬ್ರ, ಉಂಡ ಹೊಡೀರಿ," ಅಂದಳು ಅಜೀಜಾಬಿ. "ಹಬ್ಬದ ದಿನ ಹಸದ ಹೊಟ್ಟೀಲೆ ಲಾಠಿ ಎತ್ತಬಾರದು."

ಅವನು ಎತ್ತಿದ. ನಾನು ಇನ್ನೊಂದು ಕಡಬು ಮುರಿದೆ.